ಬಾಯಿಬಿಟ್ಟ ಹಕ್ಕಿ

"ಈ ಬಿಸಿಲಲ್ಲಿ ಹಕ್ಕಿ ಫೋಟೋ ತೆಗೆಯೋಕೆ ಹೋಗ್ತೀರಲ್ಲ, ಮನೇಲಿ ಫ್ಯಾನ್ ಇಲ್ವಾ?" ಎಂದು ಕೇಳದವರು ನಮ್ಮ ಬ್ಯಾಂಕಿನಲ್ಲಿ ಯಾರೂ ಉಳಿದಿಲ್ಲ. ಪ್ರಶ್ನೆ ನ್ಯಾಯವಾದದ್ದೇ. ಆದರೆ ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆ ಹಕ್ಕಿ ಕಣ್ಣಿಗೆ ಸಿಗುವುದೇ ಬೇಸಿಗೆಯಲ್ಲಿ. ಮಳೆಗಾಲದಲ್ಲಿ ಹಕ್ಕಿ ಇರುವುದಿಲ್ಲ ಅಂತಲ್ಲ, ಎಲೆಯೊಳಗೆ ಕೂತು ನಮ್ಮನ್ನು ಆಟ ಆಡಿಸುತ್ತದೆ. ದನಿ ಕೇಳುತ್ತದೆ, ಹಕ್ಕಿ ಕಾಣುವುದಿಲ್ಲ. ಶಿವರಾತ್ರಿಯ ಹೊತ್ತಿಗೆ ಮುತ್ತುಗ ಎಲೆ ಉದುರಿಸಿ ಹೂ ಬಿಟ್ಟಿತೆಂದರೆ ಗೊರವಂಕ, ಕಾಜಾಣ, ಸೂರಕ್ಕಿಗಳಿಗೆ ಬಚ್ಚಿಟ್ಟುಕೊಳ್ಳಲು ಜಾಗವೇ ಇರುವುದಿಲ್ಲ. ಕೆರೆ ಬತ್ತುತ್ತಾ ಬತ್ತುತ್ತಾ ನಡುವಿನ ಗುಂಡಿಗೆ ಬಂದು ನಿಂತಾಗ ಅಷ್ಟೂ ಕೆರೆಯ ಮೀನು ಅಲ್ಲಿ, ಸುತ್ತಲಿನ ಅಷ್ಟೂ ಊರಿನ ಕೊಕ್ಕರೆ ಅಲ್ಲಿ. ಎಷ್ಟೋ ಹಕ್ಕಿಗಳು ಗೂಡು ಮಾಡುವುದೂ ಇದೇ ಕಾಲಕ್ಕೆ. ಮದುವೆ ಮನೆಗೆ ಹೊರಟವರ ಹಾಗೆ ಗಂಡುಗಳು ಬಣ್ಣ ತುಂಬಿಕೊಂಡು ಎತ್ತರದ ಕೊಂಬೆ ಹುಡುಕಿ ಕೂರುತ್ತವೆ.

ಅಂದರೆ, ಫೋಟೋ ತೆಗೆಯುವವನಿಗೆ ಅನುಕೂಲವಾದ ಕಾಲವೇ ಹಕ್ಕಿಗೆ ಅತಿ ಕಷ್ಟದ ಕಾಲ. ನಾವು ಹಕ್ಕಿಗೆ ಹತ್ತಿರವಾಗುವುದು ಅದಕ್ಕೆ ಓಡಿಹೋಗಲು ಬೇರೆ ಜಾಗ ಇಲ್ಲದಾಗ.

2024ರ ಬೇಸಿಗೆ ಈ ಲೆಕ್ಕವನ್ನು ಮುಖಕ್ಕೇ ಹಿಡಿಯಿತು. ಹಿಂದಿನ ವರ್ಷ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತ್ತು. ಅದರ ಮೇಲೆ ಈ ಏಪ್ರಿಲ್. ತಂಪು ಊರು ಅಂತ ಹೆಸರು ಮಾಡಿದ ಬೆಂಗಳೂರಿನಲ್ಲೇ ಏಪ್ರಿಲ್ 28ಕ್ಕೆ 38.5 ಡಿಗ್ರಿ ದಾಖಲಾಯಿತು. ನಮ್ಮಲ್ಲಿ ಯುಗಾದಿ ಕಳೆದರೂ ಒಂದು ಹನಿ ಬಿದ್ದಿರಲಿಲ್ಲ. ಚುನಾವಣೆ ಬೇರೆ, ಬೂತಿನ ಡ್ಯೂಟಿ ಹಾಕಿಸಿಕೊಂಡವರು ಸೂರ್ಯನಿಗೂ ಆಯೋಗಕ್ಕೂ ಒಟ್ಟಿಗೇ ಶಾಪ ಹಾಕುತ್ತಿದ್ದರು.

ನಾನು ವಾರಕ್ಕೊಮ್ಮೆ ಹೋಗುವುದು ಗುರುಪುರದ ಕಡೆಗೆ. ಹುಣಸೂರಿಂದ ಬೈಕಿನಲ್ಲಿ ದೂರವೇನಿಲ್ಲ. ಹೊರಗಿನವರಿಗೆ ಗುರುಪುರ ಅಂದರೆ ಟಿಬೆಟ್ ಕ್ಯಾಂಪ್. 1970ರ ದಶಕದ ಆರಂಭದಲ್ಲಿ ಇಲ್ಲಿ ನೆಲೆಯೂರಿದ ಟಿಬೆಟನ್ನರ ರಬ್‌ಗೆಲಿಂಗ್ ವಸತಿ, ಗ್ಯುಮೆದ್ ಮಠ, ತೆಂಗಿನ ಮರಕ್ಕೂ ಬೇವಿನ ಮರಕ್ಕೂ ಕಟ್ಟಿದ ಬಣ್ಣದ ಮಂತ್ರದ ಬಾವುಟಗಳು. ಅದರ ಸುತ್ತ ನಮ್ಮವರ ಹೊಗೆಸೊಪ್ಪಿನ ಹೊಲ, ಜೋಳ, ಶುಂಠಿ, ಅಲ್ಲಲ್ಲಿ ಎತ್ತರದ ಬ್ಯಾರನ್‌ಗಳು. ಆಚೆ ನಾಗರಹೊಳೆ ಕಾಡಿನ ಅಂಚು. ಪೇಪರಿನಲ್ಲಿ ಗುರುಪುರದ ಹೆಸರು ಬಂದರೆ ಆನೆಯದೋ ಹುಲಿಯದೋ ಸುದ್ದಿ ಅಂತಲೇ ಲೆಕ್ಕ. ಹಾಗಾಗಿ ಉದ್ದದ ಲೆನ್ಸು ಹೆಗಲಿಗೆ ಹಾಕಿಕೊಂಡು ಹೊಲದ ಬದುವಿನ ಮೇಲೆ ನಿಂತವನನ್ನು ಕಂಡರೆ ಜನ ಕೇಳುವ ಮೊದಲ ಮಾತು, "ಏನ್ ಸಾ, ಬಂದದಾ?"

ಹಕ್ಕಿ ಅಂದರೆ ನಿರಾಸೆಯಾಗುತ್ತದೆ ಅವರಿಗೆ.

ಬಿಸಿಲಿನಲ್ಲಿ ಕ್ಯಾಮೆರಾ ಹೇಗೆ ವರ್ತಿಸುತ್ತದೆ ಅನ್ನುವುದನ್ನು ಸ್ವಲ್ಪ ಹೇಳಬೇಕು, ಯಾಕಂದರೆ ಹೊಸಬರು ಸುಮ್ಮನೆ ಲೆನ್ಸಿನ ಮೇಲೆ ಅನುಮಾನಪಟ್ಟು ಅಂಗಡಿಗೆ ಅಲೆಯುತ್ತಾರೆ. ಬೆಳಿಗ್ಗೆ ಎಂಟೂವರೆ ದಾಟಿತೆಂದರೆ ಕಾದ ನೆಲದಿಂದ ಬಿಸಿಗಾಳಿ ಅಲೆಅಲೆಯಾಗಿ ಏಳುತ್ತದೆ. ಕಣ್ಣಿಗೆ ಬಿಸಿಲ್ಗುದುರೆಯಾಗಿ ಕಾಣುವುದು ಅದರದೇ ದೊಡ್ಡ ರೂಪ. ಆರುನೂರು ಮಿಲಿಮೀಟರಿನ ಲೆನ್ಸಿನಲ್ಲಿ ನೋಡಿದರೆ ಹಕ್ಕಿ ನೀರೊಳಗೆ ನಿಂತ ಹಾಗೆ ನಡುಗುತ್ತದೆ. ಎಷ್ಟೇ ಶಟರ್ ವೇಗ ಹೆಚ್ಚಿಸಿ, ಟ್ರೈಪಾಡ್ ಬಿಗಿ ಮಾಡಿ, ಗರಿಯ ಎಳೆ ಬಿಡಿಬಿಡಿಯಾಗಿ ಬರುವುದಿಲ್ಲ. ನಡುಗುವುದು ಕ್ಯಾಮೆರಾ ಅಲ್ಲ, ನಡುವಿನ ಗಾಳಿ. ದೂರ ಹೆಚ್ಚಾದಷ್ಟೂ ಗಾಳಿ ಹೆಚ್ಚು. ನೆಲಕ್ಕೆ ಎದೆಕೊಟ್ಟು ಮಲಗಿ ತೆಗೆದರೆ ಇನ್ನೂ ಕೆಟ್ಟದು, ಯಾಕಂದರೆ ನೆಲದ ಮಗ್ಗುಲಲ್ಲೇ ಗಾಳಿ ಹೆಚ್ಚು ಕುದಿಯುವುದು. ಇದಕ್ಕೆ ಇರುವುದು ಎರಡೇ ದಾರಿ: ಹೊತ್ತಿಗೆ ಮುಂಚೆ ಬಂದು ಹೊತ್ತಿಗೆ ಮುಂಚೆ ಮನೆಗೆ ಹೋಗುವುದು, ಇಲ್ಲವೇ ಹಕ್ಕಿಯ ಹತ್ತಿರ ಹೋಗುವುದು.

ಈ ಎರಡನೆಯ ದಾರಿಯಲ್ಲೇ ಎಲ್ಲ ತಕರಾರು ಇರುವುದು.

ಹಕ್ಕಿಗೆ ಬೆವರುವುದಿಲ್ಲ. ಬೆವರಿನ ಗ್ರಂಥಿಯೇ ಇಲ್ಲ. ಅದರ ಮೈ ಬಿಸಿ ಸಾಮಾನ್ಯವಾಗಿ 40, 41 ಡಿಗ್ರಿ. ನಮಗೆ ಅಷ್ಟಾದರೆ ಆಸ್ಪತ್ರೆಗೆ ಸೇರಿಸುತ್ತಾರೆ. ಮೊದಲೇ ಅಷ್ಟು ಬಿಸಿಯಾಗಿರುವ ಮೈಯಿಂದ ಇನ್ನಷ್ಟು ಬಿಸಿ ಹೊರಹಾಕಬೇಕಾದರೆ ಅದಕ್ಕಿರುವ ದೊಡ್ಡ ಕಿಟಕಿ ಬಾಯಿ. ಕೊಕ್ಕು ತೆರೆದು ನಾಯಿಯ ಹಾಗೆ ಏದುಸಿರು ಬಿಡುತ್ತದೆ. ಹೆಜ್ಜಾರ್ಲೆ, ನೀರುಕಾಗೆಗಳು ಗಂಟಲ ಚೀಲವನ್ನು ಪಟಪಟ ಅಂತ ಅದುರಿಸುತ್ತವೆ; ಕೊಕ್ಕರೆಗಳು ತಮ್ಮ ಕಾಲ ಮೇಲೆ ತಾವೇ ಹಿಕ್ಕೆ ಹಾಕಿಕೊಂಡು ಅದು ಆರುವಾಗಿನ ತಂಪು ಪಡೆಯುತ್ತವೆ. ಕೊಕ್ಕರೆ ಬೆಳ್ಳೂರಿನಲ್ಲಿ ಬೇಸಿಗೆಯಲ್ಲಿ ಹುಣಸೆ ಮರದ ಕೆಳಗೆ ನಿಂತು ತಲೆ ಎತ್ತಿ ನೋಡಿದವರಿಗೆ ಈ ಬಿಳಿಗಾಲುಗಳ ಪರಿಚಯ ಇರುತ್ತದೆ. (ತಲೆ ಎತ್ತುವಾಗ ಬಾಯಿ ಮುಚ್ಚಿಕೊಂಡಿರಬೇಕು, ಅದು ಬೇರೆ ವಿಚಾರ.) ಇದೆಲ್ಲಕ್ಕೂ ನೀರು ಬೇಕು. ಏದುಸಿರು ಬಿಟ್ಟಷ್ಟೂ ಮೈಯ ನೀರು ಆರಿಹೋಗುತ್ತದೆ. ಆರಿದ್ದನ್ನು ತುಂಬಿಸಿಕೊಳ್ಳಲು ಬಿಸಿಲಿನಲ್ಲೇ ಹಾರಬೇಕು. ಹಾರಿದರೆ ಮೈ ಮತ್ತೆ ಕಾಯುತ್ತದೆ. ಅದಕ್ಕೇ ಹನ್ನೊಂದು ಗಂಟೆಯ ಮೇಲೆ ಜಾಣ ಹಕ್ಕಿಗಳು ನೆರಳಿನಲ್ಲಿ ರೆಕ್ಕೆಯನ್ನು ಮೈಯಿಂದ ಸ್ವಲ್ಪ ಸಡಿಲಿಸಿಕೊಂಡು ಸುಮ್ಮನೆ ಕೂತುಬಿಡುತ್ತವೆ. ಸುಮ್ಮನೆ ಕೂರುವುದೇ ಅವುಗಳ ಆ ಹೊತ್ತಿನ ಕೆಲಸ. ಅಂಥ ಹೊತ್ತಿನಲ್ಲಿ ನಾನು ಹತ್ತು ಹೆಜ್ಜೆ ಮುಂದೆ ಹೋಗಿ ಅದನ್ನು ಎಬ್ಬಿಸಿದೆ ಅಂದರೆ, ಕೆಲಸಕ್ಕೆ ಅಡ್ಡಿ ಮಾಡಿದೆ ಅಂತಲೇ ಅರ್ಥ.

ಇದು ಗೊತ್ತಾದ ಮೇಲೆ ಬೇಸಿಗೆಯ ಫೋಟೋಗಳನ್ನು ನೋಡುವ ಕಣ್ಣೇ ಬದಲಾಗುತ್ತದೆ. ನೀಲಕಂಠ ಬಾಯಿ ತೆರೆದು ಕೂತಿರುತ್ತದೆ, ಕೆಳಗೆ 'ಪ್ರೇಮಗೀತೆ' ಅಂತ ಬರೆದಿರುತ್ತಾರೆ. ಕಾಗೆ ಬಾಯಿ ತೆರೆದಿರುತ್ತದೆ, 'ಕರೆ' ಅಂತ ಹೆಸರು. ಮಧ್ಯಾಹ್ನ ಒಂದು ಗಂಟೆಗೆ ಯಾವ ಪ್ರೇಮಗೀತೆ? ನೆರಳಿನ ಉದ್ದ ನೋಡಿದರೆ ಗಂಟೆ ತಿಳಿಯುತ್ತದೆ, ಗಂಟೆ ತಿಳಿದರೆ ಹಾಡಲ್ಲ, ಸೆಕೆ ಅಂತ ಗೊತ್ತಾಗುತ್ತದೆ. ಬಾಯಿಬಿಟ್ಟ ಹಕ್ಕಿಯ ಫೋಟೋ ತೆಗೆಯಬಾರದು ಅಂತ ನಾನು ಹೇಳುತ್ತಿಲ್ಲ. ಅದೂ ನಮ್ಮ ಕಾಲದ ದಾಖಲೆಯೇ. ಏನು ತೆಗೆದಿದ್ದೇವೆ ಅನ್ನುವುದು ತೆಗೆದವನಿಗಾದರೂ ಗೊತ್ತಿರಲಿ.

ಆ ಏಪ್ರಿಲ್ 14, ಭಾನುವಾರ, ಗುರುಪುರದ ಆಚೆ ಒಂದು ಹೊಗೆಸೊಪ್ಪಿನ ಹೊಲದಲ್ಲಿ ಟಿಟ್ಟಿಭದ ಗೂಡು ಕಂಡಿತು. ಗೂಡು ಅನ್ನುವುದು ನಾವು ಕೊಟ್ಟ ಗೌರವ. ಬರಿನೆಲದಲ್ಲಿ ಅಂಗೈಯಗಲದ ತಗ್ಗು, ಸುತ್ತ ನಾಲ್ಕು ಬೆಣಚುಕಲ್ಲಿನ ಚೂರು, ಮೇಕೆಹಿಕ್ಕೆ. ಒಳಗೆ ಚೂಪು ತುದಿಗಳನ್ನು ಒಳಮುಖ ಮಾಡಿಟ್ಟ ನಾಲ್ಕು ಮೊಟ್ಟೆ, ಮಣ್ಣಿನದೇ ಬಣ್ಣ, ಕಪ್ಪು ಮಚ್ಚೆ. ಟಿಟ್ಟಿಭ ನಿಮಗೆ ಗೊತ್ತಿರುವ ಹಕ್ಕಿಯೇ. ಹಳದಿ ಕಾಲು, ಕಣ್ಣಿನ ಮುಂದೆ ಕೆಂಪು ತೊಗಲು, ರಾತ್ರಿ ಹೊಲದ ಕಡೆ ಯಾರಾದರೂ ಹೋದರೆ ಊರಿಗೆಲ್ಲ ಡಂಗುರ ಹೊಡೆಯುತ್ತದೆ. ಪಂಚತಂತ್ರದ ಕಥೆಯಲ್ಲಿ ಮೊಟ್ಟೆ ಕೊಚ್ಚಿಕೊಂಡು ಹೋದ ಸಮುದ್ರದ ಮೇಲೆ ಯುದ್ಧಕ್ಕೆ ಹೊರಟ ಹಕ್ಕಿ ಇದೇ. ಆಕಾಶ ಬಿದ್ದೀತೆಂದು ಕಾಲು ಮೇಲೆ ಮಾಡಿ ಮಲಗುತ್ತದೆ ಅಂತ ಇದನ್ನು ತಮಾಷೆ ಮಾಡುತ್ತಾರೆ. ಆ ಏಪ್ರಿಲ್‌ನಲ್ಲಿ ಅದರ ಮೇಲೆ ಬೀಳುತ್ತಿದ್ದುದು ಆಕಾಶವೇ, ತಮಾಷೆಯಲ್ಲ.

ಹೊಲದ ಮಗ್ಗುಲಲ್ಲಿ ಖಾಲಿ ಬ್ಯಾರನ್ ಇತ್ತು. ಗೂಡಿಗೂ ಅದಕ್ಕೂ ಅರವತ್ತು ಎಪ್ಪತ್ತು ಮೀಟರ್. ಬ್ಯಾರನ್ನಿನ ನೆರಳಿನಲ್ಲಿ ಕೂತರೆ ಹಕ್ಕಿ ಕೂಗುವುದಿಲ್ಲ, ಅಲ್ಲಿಂದ ನಾಲ್ಕು ಹೆಜ್ಜೆ ಮುಂದೆ ಬಂದರೆ ಕೂಗುತ್ತದೆ. ಗಡಿ ಎಲ್ಲಿ ಅಂತ ಅದೇ ಹೇಳಿತು. ಹೊಲದ ಯಜಮಾನರು ಬಂದು ವಿಚಾರಿಸಿದರು. ತೋರಿಸಿದೆ. "ಅಯ್ಯೋ, ರಾತ್ರಿಯೆಲ್ಲಾ ಬಡ್ಕತದಲ್ಲ, ಅದಾ? ಅದುಕ್ ಇಷ್ಟ್ ದಪ್ಪ ಕ್ಯಾಮ್ರಾನಾ ಸಾ?" ಅಂದು, ಬೀಡಿ ಹಚ್ಚಿ, ನನ್ನ ಪಕ್ಕದಲ್ಲೇ ಕೂತರು. ಇಬ್ಬರೂ ಸೇರಿ ಆ ಮಧ್ಯಾಹ್ನ ಕಂಡದ್ದನ್ನು ನಾನು ಮರೆಯಲಾರೆ.

ಹನ್ನೊಂದೂವರೆಯವರೆಗೆ ಹಕ್ಕಿ ಮೊಟ್ಟೆಯ ಮೇಲೆ ಕೂತಿತ್ತು. ಆಮೇಲೆ ಎದ್ದು ನಿಂತಿತು. ನಿಂತು, ರೆಕ್ಕೆಗಳನ್ನು ಅರ್ಧ ಬಿಚ್ಚಿ ಇಳಿಬಿಟ್ಟು, ಸೂರ್ಯನಿಗೆ ಬೆನ್ನು ಕೊಟ್ಟು, ಮೊಟ್ಟೆಗಳ ಮೇಲೆ ತನ್ನ ನೆರಳು ಬೀಳುವ ಹಾಗೆ ನಿಂತೇ ಇತ್ತು. ಬಾಯಿ ಪೂರ್ತಿ ತೆರೆದಿತ್ತು. ಸೂರ್ಯ ಸರಿದ ಹಾಗೆ ಅದೂ ಗಡಿಯಾರದ ಮುಳ್ಳಿನಂತೆ ಅಷ್ಟಷ್ಟೇ ಸರಿಯುತ್ತಿತ್ತು. ಫೋನಿನಲ್ಲಿ 38 ಡಿಗ್ರಿ ತೋರಿಸುತ್ತಿತ್ತು. ಅದು ನೆರಳಿನ ಗಾಳಿಯ ಲೆಕ್ಕ. ಬಿಸಿಲು ಕುಡಿದ ಬರಿನೆಲ ಅದಕ್ಕಿಂತ ಹತ್ತು ಹದಿನೈದು ಡಿಗ್ರಿ ಮೇಲಿರುತ್ತದೆ. ಕೋಳಿಮೊಟ್ಟೆ ಮರಿಮಾಡಿಸುವ ಯಂತ್ರದಲ್ಲಿ ಬಿಸಿಯನ್ನು 37.5ರ ಆಸುಪಾಸು ಇಡುತ್ತಾರೆ. ಅದು 40 ದಾಟಿ ಹೊತ್ತುಗಟ್ಟಲೆ ನಿಂತರೆ ಒಳಗಿನ ಮರಿ ಸಾಯುತ್ತದೆ. ನಾವು 'ಕಾವು ಕೊಡುವುದು' ಅನ್ನುತ್ತೇವಲ್ಲ, ಏಪ್ರಿಲ್ ಮಧ್ಯಾಹ್ನ ನಡೆಯುವುದು ಅದರ ತಿರುಗುಮುರುಗು. ಕಾವು ತಪ್ಪಿಸುವುದು. ಕೊಡೆಯಾಗಿ ನಿಲ್ಲುವುದು.

ಹನ್ನೆರಡೂಮುಕ್ಕಾಲಿಗೆ ಜೋಡಿಯ ಇನ್ನೊಂದು ಹಕ್ಕಿ ನಡೆದು ಬಂತು. ಕೂಗಿಲ್ಲ, ಗಲಾಟೆಯಿಲ್ಲ. ಇದು ಸರಿದ ಕೂಡಲೇ ಅದು ಬಂದು ಮೊಟ್ಟೆಗಳ ಮೇಲೆ ತನ್ನ ಹೊಟ್ಟೆ ಒತ್ತಿತು. ಲೆನ್ಸಿನಲ್ಲಿ ನೋಡಿದರೆ ಹೊಟ್ಟೆಯ ಬಿಳಿ ಗರಿ ತೊಯ್ದು ಮುದ್ದೆಯಾಗಿದೆ. "ಎಲ್ಲಿ ನೆನ್ಕಂಡ್ ಬಂತು ಸಾ ಇದು?" ಅಂದರು ಯಜಮಾನರು. ಬೋರ್‌ವೆಲ್ ಪಕ್ಕದ ದನದ ತೊಟ್ಟಿ ಸೋರಿ ಒಂದು ಪಾದದಷ್ಟು ಕೆಸರುನೀರು ನಿಂತಿತ್ತು, ಮುನ್ನೂರು ಮೀಟರ್ ಆಚೆ. ಹೋದ ಹಕ್ಕಿ ಅದರಲ್ಲಿ ಕೂತು ಎದೆ ತೋಯಿಸಿಕೊಳ್ಳುವುದು ನಮಗೆ ಕಂಡಿತು. ಎರಡು ಗಂಟೆಯೊಳಗೆ ಆರು ಸಲ ಪಾಳಿ ಬದಲಾಯಿತು. ಪ್ರತಿ ಸಲವೂ ಒದ್ದೆ ಹೊಟ್ಟೆ. ನೆಲದಲ್ಲಿ ಮೊಟ್ಟೆ ಇಡುವ ಹಕ್ಕಿಗಳಲ್ಲಿ ಈ ಉಪಾಯ ಇದೆ ಅಂತ ಓದಿದ್ದೆ, ಕಣ್ಣಾರೆ ಕಂಡದ್ದು ಅವತ್ತೇ. ರಂಗನತಿಟ್ಟಿನಲ್ಲಿ ಬೇಸಿಗೆಯಲ್ಲಿ ಬಂಡೆಗಳ ಮೇಲೆ ಮೊಟ್ಟೆ ಇಡುವ ರೀವಗಳ ಪಾಡೂ ಇದೇ. ಅವಕ್ಕೆ ಕಾವೇರಿ ಮಗ್ಗುಲಲ್ಲೇ ಇದೆ, ಇವಕ್ಕೆ ಸೋರುವ ತೊಟ್ಟಿ.

ಮರುದಿನದಿಂದ ಯಜಮಾನರು ತೊಟ್ಟಿ ರಿಪೇರಿ ಮಾಡಿಸುವುದನ್ನು ಮುಂದಕ್ಕೆ ಹಾಕಿದರು. "ಇನ್ನೊಂದ್ ತಿಂಗ್ಳು ಸೋರ್ಲಿ ಬುಡಿ."

ನೀರಿನ ಮಾತು ಬಂತು. ಬೇಸಿಗೆ ಬಂದರೆ ಮಣ್ಣಿನ ಬಟ್ಟಲಲ್ಲಿ ಹಕ್ಕಿಗೆ ನೀರಿಡಿ ಎಂಬ ಪ್ರಚಾರ ಎಲ್ಲ ಕಡೆ ನಡೆಯುತ್ತದೆ. ಒಳ್ಳೆಯದೇ. ಬಟ್ಟಲು ಆಳ ಇರಬಾರದು, ಒಳಗೊಂದು ಕಲ್ಲಿರಬೇಕು, ನೆರಳಲ್ಲಿರಬೇಕು, ನೀರು ದಿನಾ ಬದಲಿಸಬೇಕು. ಹೆಚ್ಚಿನವರು ಮೊದಲ ದಿನ ಬಟ್ಟಲಿನ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರೆ, ನಾಲ್ಕನೇ ದಿನಕ್ಕೆ ಅದರಲ್ಲಿ ಸೊಳ್ಳೆ. ಟಿಬೆಟ್ ಕ್ಯಾಂಪಿನಲ್ಲಿ ಒಬ್ಬ ಮುದುಕಿ ಇದ್ದಾರೆ, ಎಲ್ಲರೂ ಅವರನ್ನು ಅಮಾಲಾ ಅನ್ನುತ್ತಾರೆ, ಅಂದರೆ ಅಮ್ಮ. ಬೆಳಗಿನ ಹೊತ್ತು ದೇವರ ಮುಂದಿನ ಸಾಲು ಬಟ್ಟಲುಗಳಿಗೆ ನೀರು ತುಂಬಿದ ಮೇಲೆ ಹೊರಗೆ ಬಂದು ಹಲಸಿನ ಮರದ ಕೆಳಗಿನ ಅಲ್ಯೂಮಿನಿಯಂ ತಟ್ಟೆಯನ್ನು ಉಜ್ಜಿ ತೊಳೆದು ಹೊಸ ನೀರು ಹಾಕುತ್ತಾರೆ. ಪಿಕಳಾರ, ಹರಟೆಮಲ್ಲ, ಮಡಿವಾಳ, ಅಳಿಲು ಎಲ್ಲಕ್ಕೂ ಅದೇ ತಟ್ಟೆ. ಕಾಂಪೌಂಡಿನ ಹೊರಗೆ ನಿಂತು ಕ್ಯಾಮೆರಾ ಹೊಂದಿಸುತ್ತಿದ್ದ ನನ್ನನ್ನು ಒಮ್ಮೆ ಕರೆದು, "ಫೋಟೋ ಆಮೇಲೆ. ನೀನು ನೀರು ಕುಡಿ" ಅಂತ ಸ್ಟೀಲ್ ಲೋಟ ಕೊಟ್ಟರು. ನನ್ನ ಬಾಯಿಯೂ ತೆರೆದಿತ್ತೋ ಏನೋ.

ಏಪ್ರಿಲ್ 21ರ ಭಾನುವಾರ ಮೈಸೂರಿನಿಂದ ಗೆಳೆಯರೊಬ್ಬರು ಬಂದರು. ಗೆಳೆಯರು ಅಂದೆ, ನಿಜವಾಗಿ ಗುರುಗಳು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನನ್ನ ಕೈಗೆ ಮೊದಲ ಕ್ಯಾಮೆರಾ ಕೊಟ್ಟು ಕಣ್ಣಿಗೆ ಫೋಕಸ್ ಮಾಡೋದು ಕಲಿಸಿದವರು. ಜೂನ್‌ನಲ್ಲಿ ಇಬ್ಬರ ಫೋಟೋಗಳೂ ಸೇರಿ ಒಂದು ಪ್ರದರ್ಶನ ಮಾಡೋಣ ಅಂತ ಮಾತಾಗಿತ್ತು. ಒದ್ದೆ ಹೊಟ್ಟೆಯ ಕಥೆ ಕೇಳಿ ಅವರಿಗೆ ರಾತ್ರಿ ನಿದ್ದೆ ಬಂದಿರಲಿಲ್ಲವಂತೆ. ಚೀಲದಿಂದ ಸಣ್ಣ ಕ್ಯಾಮೆರಾ ಒಂದನ್ನು ತೆಗೆದರು. ಅಗಲ ಕೋನದ ಲೆನ್ಸು. ಅದನ್ನು ಗೂಡಿನಿಂದ ಎರಡು ಅಡಿ ದೂರದಲ್ಲಿ ನೆಲಕ್ಕೆ ಇಟ್ಟು, ಬ್ಯಾರನ್ನಿನ ಹಿಂದೆ ಕೂತು ಫೋನಿನಿಂದ ಕ್ಲಿಕ್ ಮಾಡುವುದು. ಮೊಟ್ಟೆ, ನೆರಳು, ತೆರೆದ ರೆಕ್ಕೆ, ಹಿಂದೆ ಬೆಂಕಿಯಂಥ ಆಕಾಶ, ಎಲ್ಲ ಒಂದೇ ಚೌಕಟ್ಟಿನಲ್ಲಿ. ನಿಜ ಹೇಳಬೇಕೆಂದರೆ, ಅವರು ವಿವರಿಸುವಾಗ ಆ ಚಿತ್ರ ನನಗೂ ಕಣ್ಣಮುಂದೆ ಬಂತು. ಅದ್ಭುತ ಚಿತ್ರವೇ.

ಗಂಟೆ ಹನ್ನೆರಡೂವರೆ.

"ಹತ್ತೇ ನಿಮಿಷ ಕಣಯ್ಯಾ. ಇಟ್ಟು ಬಂದ್‌ಬಿಡ್ತೀನಿ."

"ಸರ್, ಬೆಳಿಗ್ಗೆ ಆರೂವರೆಗೆ ಇಡೋಣ. ನಾಳೆ ರಜೆ ಹಾಕ್ತೀನಿ ಬೇಕಾದ್ರೆ. ಅದಕ್ಕೂ ಮುಂಚೆ ಹಕ್ಕಿ ಒಪ್ಪುತ್ತಾ ನೋಡೋಣ."

"ಬೆಳಿಗ್ಗೆ ಅದು ಕೋಳಿ ಥರ ಸುಮ್ನೆ ಕೂತಿರುತ್ತೆ. ನನಗೆ ಬೇಕಾಗಿರೋದು ಆ ನೆರಳು."

ಅಲ್ಲೇ ಇತ್ತು ಗಂಟು. ನೆರಳಿನ ಚಿತ್ರ ಬೇಕಾದರೆ ನೆರಳನ್ನು ಎಬ್ಬಿಸಬೇಕು. ಇವರು ಹೋಗಿ ಇಟ್ಟು ಬರುವುದು ಹತ್ತು ನಿಮಿಷ. ನೆಲದ ಮೇಲೆ ಹೊಸದೊಂದು ಕಪ್ಪು ಡಬ್ಬ ಕಂಡ ಹಕ್ಕಿ ಮರಳಲು ಇನ್ನೆಷ್ಟು ಹೊತ್ತೋ. ಅಷ್ಟೂ ಹೊತ್ತು ನಾಲ್ಕು ಮೊಟ್ಟೆ ಬಾಣಲೆಯ ಮೇಲೆ.

ಅವರ ವಾದ ಪೊಳ್ಳಾಗಿರಲಿಲ್ಲ, ಅದನ್ನು ಇಲ್ಲಿ ಹೇಳಲೇಬೇಕು. ಅವರೆಂದರು: ಟಿಟ್ಟಿಭ ಅಪರೂಪದ ಹಕ್ಕಿಯಲ್ಲ, ಹೊಲಕ್ಕೊಂದು ಇದೆ. ಇನ್ನೆರಡು ವಾರಕ್ಕೆ ಟ್ರ್ಯಾಕ್ಟರ್ ಬಂದರೆ ಮೊಟ್ಟೆ ಹೇಗೂ ಹೋಗುತ್ತದೆ. ಈ ಒಂದು ಚಿತ್ರ ನೋಡಿ ನೂರು ಜನಕ್ಕೆ ಹಕ್ಕಿಯ ಮೇಲೆ ಪ್ರೀತಿ ಬಂದರೆ ಅದು ಲಾಭವಲ್ಲವೇ? ಹಿಂದಿನವರೆಲ್ಲ ಗೂಡಿನ ಹತ್ತಿರವೇ ಕೂತು ತೆಗೆದದ್ದಲ್ಲವೇ?

ಕೊನೆಯ ಮಾತು ನಿಜ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರು ಕರ್ನಾಟಕಕ್ಕೆ ಹೆಸರು ತಂದ ಕಾಲದಲ್ಲಿ ಗೂಡಿನ ಬಳಿ ಗುಡಾರ ಹಾಕಿ ಕೂತು ಚಿತ್ರ ತೆಗೆಯುವುದು ಜಗತ್ತಿನಾದ್ಯಂತ ನಡೆದುಕೊಂಡು ಬಂದ ಪದ್ಧತಿ. ಕಾರಣವೂ ಇತ್ತು. ಕೊಡಾಕ್ರೋಮ್ 64ರಂಥ ನಿಧಾನದ ಫಿಲ್ಮು, ಮೂವತ್ತಾರೇ ಚಿತ್ರದ ಸುರುಳಿ, ಕೈಯಲ್ಲೇ ತಿರುಗಿಸಿ ಹೊಂದಿಸುವ ಫೋಕಸ್. ಹಕ್ಕಿ ಖಂಡಿತ ಬಂದೇ ಬರುವ ಒಂದು ಜಾಗ ಬೇಕಿತ್ತು, ಅದು ಗೂಡು. ಇವತ್ತು ನನ್ನಂಥ ಗುಮಾಸ್ತನ ಕೈಯಲ್ಲೂ ಆರುನೂರು ಮಿಲಿಮೀಟರ್ ಇದೆ, ಸೆಕೆಂಡಿಗೆ ಹತ್ತು ಚಿತ್ರ ತೆಗೆಯುತ್ತದೆ, ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಹಿಡಿಯುತ್ತದೆ. ಆ ಅಗತ್ಯ ಹೋಯಿತು, ಅಭ್ಯಾಸ ಉಳಿಯಿತು. ಮತ್ತೊಂದು, ಆಗ ಒಂದು ಜಿಲ್ಲೆಗೆ ಇಬ್ಬರೋ ಮೂವರೋ ಇದ್ದರು. ಈಗ ಒಂದು ಗೂಡಿನ ಜಾಗ ಒಬ್ಬರಿಗೆ ಹೇಳಿದರೆ ಮುಂದಿನ ಭಾನುವಾರ ಆರು ಕಾರು ನಿಂತಿರುತ್ತವೆ. ಪ್ರತಿಯೊಬ್ಬರದೂ ಹತ್ತೇ ನಿಮಿಷ.

ಇನ್ನು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂಬ ಪದಕ್ಕೆ ಕೊಟ್ಟ ಅರ್ಥದಲ್ಲಿ ಕೋವಿ, ಉರುಲು, ವಿಷದ ಜೊತೆಗೆ ಕಾಡುಹಕ್ಕಿಯ ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಇದನ್ನು ಬಹಳ ಜನ ಗಮನಿಸಿಲ್ಲ. ಕಾನೂನಿನ ಕಣ್ಣಿಗೆ ಗೂಡು ಕೆಣಕುವ ಕ್ಯಾಮೆರಾಕ್ಕೂ ಉರುಲಿಗೂ ಹೆಸರು ಒಂದೇ. ಆದರೆ ಗುರುಗಳ ಮುಂದೆ ಕಾಯ್ದೆ ಓದುವ ಧೈರ್ಯ ನನಗಿರಲಿಲ್ಲ, ಅವಶ್ಯವೂ ಬೀಳಲಿಲ್ಲ. "ಬೇಡ ಸರ್, ನಾನು ಬಿಡಲ್ಲ" ಅಂದೆ ಅಷ್ಟೇ. ಅವರ ಮುಖ ಕೆಂಪಾಯಿತು. ನನ್ನ ಮುಖವೂ ಆಗಿರಬೇಕು.

ಅಷ್ಟು ಹೊತ್ತೂ ಬ್ಯಾರನ್ನಿನ ಗೋಡೆಗೆ ಒರಗಿ ಕೂತಿದ್ದ ಯಜಮಾನರು ಎದ್ದು ಟವೆಲ್ ಕೊಡವಿದರು. "ಬ್ಯಾಡ ಬುಡಿ ಬುದ್ದಿ. ಬಿಸ್ಲೊತ್ನಲ್ಲಿ ಬಾಣಂತಿ ಎಬ್ಬುಸ್ಬಾರ್ದು" ಅಂದರು.

ಹೊಲ ಅವರದು. ಗುರುಗಳು ಒಂದು ಕ್ಷಣ ನೋಡಿ, ನಕ್ಕು, ಸಣ್ಣ ಕ್ಯಾಮೆರಾವನ್ನು ಚೀಲದೊಳಗೆ ಇಟ್ಟರು. ನಾವು ಕೂತಲ್ಲಿಂದಲೇ ಒಂದಷ್ಟು ತೆಗೆದರು. ಬಿಸಿಗಾಳಿಯಲ್ಲಿ ಎಲ್ಲ ಚಿತ್ರವೂ ಕಲಸಿಹೋಗಿತ್ತು. ಹೊರಡುವಾಗ ಕಾರಿನ ಗಾಜು ಇಳಿಸಿ, "ನಿನ್ನ ಹಕ್ಕಿ ನೀನೇ ಇಟ್ಕೊಳಯ್ಯಾ" ಅಂದರು. ತಮಾಷೆಗೆ ಅಂದದ್ದೋ, ಬೇಸರಕ್ಕೋ. ಜೂನ್‌ನ ಪ್ರದರ್ಶನದ ಮಾತು ಅವರಾಗಿ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹಬ್ಬಕ್ಕೆ ಫೋನ್ ಮಾಡುತ್ತೇನೆ, ಮಾತಾಡುತ್ತಾರೆ. ಮೊದಲಿನ ಹಾಗೆ ಅವರೇ ಮಾಡುವುದಿಲ್ಲ. ಹತ್ತು ವರ್ಷ ಒಟ್ಟಿಗೆ ಕೆರೆ ಏರಿಗಳ ಮೇಲೆ ಬುತ್ತಿ ಬಿಚ್ಚಿದವರು ನಾವು. ಈ ನಷ್ಟ ನನಗೆ ಸಣ್ಣದಲ್ಲ.

ಭರಣಿ ಮಳೆ ಮೇ ಮೊದಲ ವಾರ ಬಂತು. ಒಂದು ಹದವಾದ ಮಳೆ ಬಿದ್ದ ಕೂಡಲೇ ನಮ್ಮ ಸೀಮೆಯಲ್ಲಿ ಯಾರೂ ಸುಮ್ಮನೆ ಕೂರುವುದಿಲ್ಲ. ಮಡಿಯಲ್ಲಿ ಹೊಗೆಸೊಪ್ಪಿನ ಸಸಿ ಬಲಿತಿರುತ್ತದೆ, ನೆಲ ಹದ ಆರುವುದರೊಳಗೆ ಉಳಬೇಕು, ನಾಟಿ ತಡವಾದರೆ ಮುಂದೆ ಹರಾಜಿನ ಕಟ್ಟೆಯಲ್ಲಿ ಅದರ ಫಲ ಉಣ್ಣಬೇಕು. ಟ್ರ್ಯಾಕ್ಟರಿಗೆ ಗಂಟೆ ಲೆಕ್ಕ. ಯಜಮಾನರು ಶನಿವಾರ ರಾತ್ರಿ ಫೋನ್ ಮಾಡಿದರು. "ನಾಳೀಕೆ ಉಳುಸ್ತೀನಿ ಸಾ. ಏನ್ ಮಾಡಣ?" ಹೊಲ ಬಿಡಿ ಅಂತ ಹೇಳುವುದಕ್ಕೆ ನಾನು ಯಾರು? ಗೂಡಿನ ಸುತ್ತ ಒಂದು ಮಾರು ಬಿಡಲು ಆಗುತ್ತಾ ಅಂತ ಕೇಳಿದೆ. "ಅಷ್ಟೇ ತಾನೇ" ಅಂದರು.

ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಗೂಡಿನ ಪಕ್ಕ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿದ್ದರು. ಡ್ರೈವರ್ ಹುಡುಗ ಗೊಣಗಿದ. ಒಂದು ಹಕ್ಕಿಗಾಗಿ ಗಾಡಿ ತಿರುಗಿಸಬೇಕಾ ಅಂತ. ಟ್ರ್ಯಾಕ್ಟರ್ ಹತ್ತಿರ ಬಂದಾಗ ಎರಡೂ ಹಕ್ಕಿ ಎದ್ದು ಅವನ ತಲೆಯ ಮೇಲೆ ಎರಗಿ ಎರಗಿ ಕಿರುಚಿದವು. ಅವನು ಬೈಯುತ್ತಲೇ ಸುತ್ತು ಹಾಕಿ ಉತ್ತ. ಮೊಟ್ಟೆ ಬಯಲಾಗಿದ್ದು ಕಾಲು ಗಂಟೆಗೂ ಹೆಚ್ಚು. ಆದರೆ ಅವತ್ತು ಮೋಡ ಮುಚ್ಚಿತ್ತು, ನೆಲ ತಣ್ಣಗಿತ್ತು. ಅದೇ ಕಾಲು ಗಂಟೆ, ಎರಡು ವಾರದ ಹಿಂದೆ ಆಗಿದ್ದರೆ ಬೆಲೆ ಬೇರೆ. ಉತ್ತು ಮುಗಿದ ಮೇಲೆ ಕೋಲು ಕಿತ್ತುಬಿಡೋಣ ಅಂದೆ. ಕೋಲಿದ್ದರೆ ಕಾಗೆ ಬಂದು ಕೂರುತ್ತದೆ, ಕೂತರೆ ಕೆಳಗೆ ನೋಡುತ್ತದೆ. ಉಳದೆ ಬಿಟ್ಟ ದುಂಡು ಜಾಗ ಕೆಂಪು ಹೊಲದ ನಡುವೆ ಎದ್ದು ಕಾಣುತ್ತಿತ್ತು. ಯಜಮಾನರು ನಾಲ್ಕು ಹೆಂಟೆ ತಂದು ಅಲ್ಲಲ್ಲಿ ಹ್ಯಾಗ್ಹ್ಯಾಗೋ ಚೆಲ್ಲಿ, ದೂರ ನಿಂತು ನೋಡಿ, ಇನ್ನೆರಡು ಚೆಲ್ಲಿದರು. ನಾವು ಬ್ಯಾರನ್ನಿನ ಕಡೆ ತಿರುಗಿ ಹೊರಟ ಮೇಲೆ ಹಕ್ಕಿ ನಡೆದು ಬಂದು ಕೂತಿತು.

ಬುಧವಾರ ಕೌಂಟರಿನಲ್ಲಿ ಸಾಲು ಇದ್ದಾಗ ಫೋನ್ ಬಂತು. "ಮೂರ್ ಆಗವೆ ಸಾ. ಒಂದ್ ಹಂಗೇ ಅದೆ." ನನಗೆ ರಜೆ ಇದ್ದದ್ದು ಎರಡನೇ ಶನಿವಾರ. ಹೋಗುವಷ್ಟರಲ್ಲಿ ಗೂಡು ಖಾಲಿ. ಟಿಟ್ಟಿಭದ ಮರಿಗಳು ಮೊಟ್ಟೆಯಿಂದ ಬಂದು ಮೈ ಆರಿದ ಕೂಡಲೇ ಎದ್ದು ಓಡಾಡುವ ಜಾತಿ. ದೊಡ್ಡವು ಪಕ್ಕದ ಶುಂಠಿ ಹೊಲದಲ್ಲಿ ನಿಂತು ನಮ್ಮನ್ನು ಬೈಯುತ್ತಿದ್ದವು, ಅಂದರೆ ಮರಿಗಳು ಅಲ್ಲೇ ಎಲ್ಲೋ ನೆಲಕ್ಕಂಟಿಕೊಂಡು ಕೂತಿರಬೇಕು. ಒಂದು ಗಂಟೆ ಹುಡುಕಿದರೂ ಲೆನ್ಸಿಗೆ ಸಿಗಲಿಲ್ಲ. ಹೊಲದೊಳಗೆ ಇಳಿದು ಹುಡುಕುವ ಮನಸ್ಸಾಗಲಿಲ್ಲ. ಕಾಲಡಿ ಎಲ್ಲಿ ಇರುತ್ತವೋ.

ಆ ಬೇಸಿಗೆಯಿಂದ ನನ್ನ ಬಳಿ ಉಳಿದ ಚಿತ್ರ ಒಂದೇ. ಹನ್ನೆರಡೂವರೆಯದು, ಬ್ಯಾರನ್ನಿನ ನೆರಳಿಂದ ತೆಗೆದದ್ದು. ಬಿಸಿಗಾಳಿಗೆ ಗರಿಯೆಲ್ಲ ನೀರಿನಲ್ಲಿ ಅದ್ದಿದಂತೆ ಅಲುಗಿದೆ, ಕಣ್ಣು ಚೂಪಾಗಿಲ್ಲ. ಸ್ಪರ್ಧೆಗೆ ಕಳಿಸಿದರೆ ಮೊದಲ ಸುತ್ತಿನಲ್ಲೇ ಆಚೆ. ಒಂದು ಪ್ರಿಂಟ್ ಹಾಕಿಸಿ ಯಜಮಾನರಿಗೆ ಕೊಟ್ಟೆ. ಅವರ ತಾಯಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಪಾಪ, ಎಷ್ಟ್ ಸೆಕೆ ಅದುಕ್ಕೆ" ಅಂದರು. ಹಾಡುತ್ತಿದೆ ಅಂತ ಅವರಿಗೆ ಅನ್ನಿಸಲೇ ಇಲ್ಲ.

ನಾಲ್ಕನೇ ಮೊಟ್ಟೆ ಏನಾಯಿತು ಅಂತ ಕೇಳಿದೆ. ನಾಟಿ ಮಾಡುವ ದಿನದವರೆಗೂ ಅಲ್ಲೇ ಇತ್ತಂತೆ, ಹೆಂಗಸರು ಅದನ್ನು ಸುತ್ತಿಕೊಂಡೇ ಸಸಿ ನೆಟ್ಟರಂತೆ. ಆಮೇಲೆ ಕಾಗೆ ತಿಂತೋ, ಕೇರೆ ತಿಂತೋ, ಒಂದು ಬೆಳಿಗ್ಗೆ ನೋಡಿದರೆ ಇರಲಿಲ್ಲ. ತೊಟ್ಟಿ ಮಾತ್ರ ಇನ್ನೂ ಸೋರುತ್ತಿದೆ.